ದುಡ್ಡು ಕೊಟ್ಟೇ ಕೋವಿ ತಗೊಂಡ್ರಲ್ಲ, ಮತ್ತೆ ಯಾಕೆ ಸಿಟ್ಟು? (ನ್ಯೂಜಿಲೆಂಡ್ 2019)

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪದ ಕಡೆಯವನು. ಒಂದು ವರ್ಷದಿಂದ ನ್ಯೂಜಿಲೆಂಡ್‌ನ ವೈಕಾಟೊದಲ್ಲಿ ಒಂದು ಡೈರಿ ಫಾರ್ಮ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ನಮ್ಮ ಮಾಲೀಕರಿಗೆ ಅರವತ್ತೈದು ದಾಟಿದೆ. ತುಂಬಾ ಒಳ್ಳೆಯ ಮನುಷ್ಯ. ಮೊನ್ನೆ ಇಬ್ಬರೂ ಬೇಲಿ ರಿಪೇರಿ ಮಾಡುವಾಗ ಎದುರಿನ ಗುಡ್ಡದಲ್ಲಿ ಕಾಡುಮೇಕೆಗಳ ಹಿಂಡು ಕಾಣಿಸಿತು. "ಮೊದಲಾಗಿದ್ರೆ ಅವು ಓಡೋದ್ರೊಳಗೆ ನಾಲ್ಕೈದು ಬೀಳಿಸ್ತಿದ್ದೆ. 2019ರಲ್ಲಿ ಸರ್ಕಾರ ನನ್ನ ಕೋವಿ ತಗೊಂಡು ಹೋಯ್ತು" ಅಂದರು. ದುಡ್ಡು ಕೊಟ್ಟಿದ್ದಾರಂತೆ. ಆದರೂ ಹೇಳುವಾಗ ಮುಖ ಕೆಂಪಾಗಿತ್ತು. ಆಮೇಲೆ ಮಧ್ಯಾಹ್ನದವರೆಗೂ ಮಾತೇ ಇಲ್ಲ.

ನಮ್ಮೂರಲ್ಲೂ ಎಲೆಕ್ಷನ್ ಬಂದರೆ ಠಾಣೆಗೆ ಕೋವಿ ಒಪ್ಪಿಸಿ ಬರಬೇಕು. ಆಗ ತೋಟಕ್ಕೆ ಮಂಗ, ಹಂದಿ ನುಗ್ಗುತ್ತವೆ ಅಂತ ನಮ್ಮಪ್ಪನೂ ಗೊಣಗುತ್ತಾರೆ. ಆದರೆ ಅದು ವಾಪಸ್ ಬರುತ್ತೆ. ಇಲ್ಲಿ ಪೂರ್ತಿ ಬೆಲೆ ಕೊಟ್ಟು ತಗೊಂಡ ಮೇಲೂ ಇಷ್ಟು ಬೇಜಾರು ಯಾಕೆ? ಗುಂಪಿನಲ್ಲಿ ಕೋವಿ ಅಂಗಡಿಯಲ್ಲಿ ಕೆಲಸ ಮಾಡುವ ಅಣ್ಣ ಒಬ್ಬರು ಇದ್ದಾರೆ ಅಂತ ಕೇಳಿದೆ. ಅವರು ಹೇಳಿದರೆ ಚೆನ್ನಾಗಿತ್ತು.

ಉತ್ತರ

ನಮಸ್ಕಾರ ತಮ್ಮ. ಆ ಅಣ್ಣ ನಾನೇ. 2019ರಲ್ಲಿ ನಮ್ಮ ಅಂಗಡಿಯಲ್ಲೂ ಪೊಲೀಸರ ಪರವಾಗಿ ಕೋವಿ ಜಮಾ ಮಾಡಿಕೊಂಡೆವು. ತಿಂಗಳುಗಟ್ಟಲೆ ಕೌಂಟರ್‌ನಲ್ಲಿ ನಿಂತು ಫಾರಂ ತುಂಬಿಸಿದ್ದೇನೆ. ಹಾಗಾಗಿ ಪುಸ್ತಕದ ಮಾತು ಬಿಟ್ಟು ಕಂಡದ್ದನ್ನೇ ಹೇಳುತ್ತೇನೆ.

ಮೊದಲು ಒಂದು ತಿದ್ದುಪಡಿ. ಪೂರ್ತಿ ಬೆಲೆ ಎಲ್ಲರಿಗೂ ಸಿಗಲಿಲ್ಲ. ಪ್ರತಿ ಮಾಡೆಲ್‌ಗೂ ಒಂದು ಮೂಲ ಬೆಲೆ ಗೊತ್ತು ಮಾಡಿದ್ದರು. ಹೊಸದರಂತಿದ್ದರೆ ಅದರ ಶೇ. 95, ಬಳಸಿದ್ದಾದರೆ ಶೇ. 70, ಹಾಳಾಗಿದ್ದರೆ ಶೇ. 25. ಈ 95 ಮತ್ತು 70ರ ನಡುವೆ ಎಷ್ಟು ವಾದ ನಡೆಯಿತು ಅಂತೀರಿ! ಹಿಡಿಯ ಮೇಲೆ ಒಂದು ಗೀರು ಇದ್ದರೆ ಅದು ಹೊಸದೋ, ಬಳಸಿದ್ದೋ? ದುರ್ಬೀನು, ಮಾಮೂಲಿ ತೋಟಾಗಳಿಗೆ ದುಡ್ಡಿಲ್ಲ. ಕೋವಿ ಹೋದ ಮೇಲೆ ಆ ಅಳತೆಯ ತೋಟಾ ಪೆಟ್ಟಿಗೆಗಟ್ಟಲೆ ಮನೆಯಲ್ಲಿ ಉಳಿದವರೂ ಇದ್ದರು.

ಆದರೆ ನಿಮ್ಮ ಮಾಲೀಕರ ಸಿಟ್ಟು ದುಡ್ಡಿನದಲ್ಲ ಅನ್ನಿಸುತ್ತೆ. ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

2019ರ ಮಾರ್ಚ್ 15, ಶುಕ್ರವಾರ. ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳಲ್ಲಿ ಪ್ರಾರ್ಥನೆಗೆ ಸೇರಿದ್ದವರ ಮೇಲೆ ಒಬ್ಬ ಗುಂಡು ಹಾರಿಸಿದ. 51 ಜನ ಸತ್ತರು. ಅವನ ಹತ್ತಿರ ಇದ್ದದ್ದು ಮಾಮೂಲಿ ಲೈಸೆನ್ಸ್. ಸೆಮಿ ಆಟೋಮ್ಯಾಟಿಕ್ (ಪ್ರತಿ ಈಡಿಗೂ ಬೋಲ್ಟ್ ಎಳೆಯಬೇಕಿಲ್ಲದ) ರೈಫಲ್‌ಗಳನ್ನು ಕಾನೂನು ಪ್ರಕಾರವೇ ಕೊಂಡಿದ್ದ. ದೊಡ್ಡ ಮ್ಯಾಗಜಿನ್ (ತೋಟಾ ತುಂಬುವ ಡಬ್ಬಿ) ಸಿಕ್ಕಿಸಿದ ಕೂಡಲೇ ಆಗಿನ ಕಾನೂನಿನಲ್ಲಿ ಅದು ಮಿಲಿಟರಿ ಮಾದರಿಯ ಕೋವಿ ಆಗುತ್ತಿತ್ತು, ಅದಕ್ಕೆ ಬೇರೆ ಪರವಾನಗಿ ಬೇಕಿತ್ತು. ಆದರೆ ಮ್ಯಾಗಜಿನ್ ಕೊಳ್ಳುವಾಗ ಯಾರೂ ಅದನ್ನು ಕೇಳುತ್ತಿರಲಿಲ್ಲ. ಆ ಕಿಂಡಿಯಲ್ಲೇ ಅವನು ನುಗ್ಗಿದ್ದು.

ಆರು ದಿನಕ್ಕೆ, ಮಾರ್ಚ್ 21ಕ್ಕೆ ಆಗಿನ ಪ್ರಧಾನಿ ಜೆಸಿಂಡಾ ಆರ್ಡರ್ನ್ ಇಂಥ ಸೆಮಿ ಆಟೋಮ್ಯಾಟಿಕ್ ಕೋವಿಗಳ ನಿಷೇಧ ಘೋಷಿಸಿದರು. ಏಪ್ರಿಲ್ 10ಕ್ಕೆ ಸಂಸತ್ತಿನಲ್ಲಿ 119 ಮತ ಪರ, ಒಂದೇ ಒಂದು ವಿರುದ್ಧ. ಅದು ಆಕ್ಟ್ ಪಕ್ಷದ ಡೇವಿಡ್ ಸೀಮೋರ್ ಅವರದು. ಜನ ಅಭಿಪ್ರಾಯ ಬರೆದು ಕಳಿಸಲು ಸಿಕ್ಕಿದ್ದು ಎರಡು ದಿನದಷ್ಟು ಸಮಯ. ಅಷ್ಟರಲ್ಲೇ ಸುಮಾರು 13 ಸಾವಿರ ಪತ್ರ ಬಂದವು. ಹೆಚ್ಚಿನವು ನಿಷೇಧದ ಪರವಾಗಿಯೇ ಇದ್ದವು. ರೈತರ ಸಂಘ ಫೆಡರೇಟೆಡ್ ಫಾರ್ಮರ್ಸ್ ಕೂಡ ನಿಷೇಧಕ್ಕೆ ಒಪ್ಪಿತ್ತು. ಮಾಸ್ಟರ್‌ಟನ್ ಕಡೆಯ ರೈತರೊಬ್ಬರು ಕಾನೂನು ಬರುವ ಮೊದಲೇ ತಮ್ಮ ಕೋವಿ ಠಾಣೆಗೆ ಕೊಟ್ಟು ಬಂದರು. ಕೋವಿ ಇದ್ದವರೆಲ್ಲ ವಿರೋಧಿಸಿದರು ಅನ್ನೋದು ಸುಳ್ಳು.

ಹಾಗಾದರೆ ಸಿಟ್ಟು ಎಲ್ಲಿಂದ ಬಂತು? ಒಬ್ಬ ಅಜ್ಜನ ವಿಷಯ ಹೇಳುತ್ತೇನೆ. ಆಗಸ್ಟ್‌ನ ಒಂದು ಬೆಳಿಗ್ಗೆ ಬಂದರು. ಹೊರಗೆ ಮಳೆ. ಹಳೇ ಹಾಸಿಗೆ ಹೊದಿಕೆಯಲ್ಲಿ ಕೋವಿ ಸುತ್ತಿಕೊಂಡು ಬಂದಿದ್ದರು. ಬಿಚ್ಚಿದ ಕೂಡಲೇ ಎಣ್ಣೆಯ ವಾಸನೆ. ಹಿಂದಿನ ರಾತ್ರಿ ಕೂತು ಒರೆಸಿ, ನಳಿಗೆಗೆ ಎಣ್ಣೆ ಹಾಕಿ ತಂದಿದ್ದಾರೆ. ಪುಡಿಯಾಗುವ ಕೋವಿಗೆ! ನಂಬರ್ ಬರೆದುಕೊಂಡೆ, ಸಹಿ ಮಾಡಿಸಿದೆ. ಆಮೇಲೆ ಅವರು ಕೇಳಿದ್ದು ಒಂದೇ: "ಈ ಚರ್ಮದ ಪಟ್ಟಿ ನಾನು ಇಟ್ಟುಕೊಳ್ಳಬಹುದಾ? ನನ್ನ ಹೆಂಡತಿ ಹೊಲಿದದ್ದು." ಇಟ್ಟುಕೊಳ್ಳಿ ಅಂದೆ. ಬಿಚ್ಚಲು ಕೈ ನಡುಗುತ್ತಿತ್ತು, ನಾನೇ ಬಿಚ್ಚಿ ಕೊಟ್ಟೆ. ಬಾಗಿಲ ಹತ್ತಿರ ಹೋಗಿ ತಿರುಗಿ ನಿಂತರು. "ನಲವತ್ತು ವರ್ಷ ಲೈಸೆನ್ಸ್ ಇದೆ. ಒಂದು ತಪ್ಪು ಮಾಡಿಲ್ಲ. ಅವನು ಮಾಡಿದ್ದಕ್ಕೆ ನಾನು ಇಲ್ಲಿ ಸಾಲಿನಲ್ಲಿ ನಿಂತಿದ್ದೀನಿ" ಅಂದರು.

ನಿಮ್ಮ ಪ್ರಶ್ನೆಗೆ ಉತ್ತರ ಇದೇ, ತಮ್ಮ. ನನ್ನನ್ನೂ ಆ ಕೊಲೆಗಾರನ ಪಕ್ಕದಲ್ಲಿ ನಿಲ್ಲಿಸಿದರಲ್ಲ ಅನ್ನುವ ನೋವು. ಕೌಂಟರ್‌ಗೆ ಬಂದವರಲ್ಲಿ ಹತ್ತರಲ್ಲಿ ಎಂಟು ಜನ ಈ ಮಾತನ್ನು ಒಂದಲ್ಲ ಒಂದು ರೀತಿ ಆಡಿದ್ದಾರೆ. ಅದರಲ್ಲೇ ಎಷ್ಟೋ ಜನ "ಆದರೂ ಕೊಡೋದೇ ಸರಿ" ಅಂತಲೂ ಹೇಳಿದ್ದಾರೆ. ಎರಡೂ ಒಬ್ಬರದೇ ಬಾಯಲ್ಲಿ.

ಇನ್ನೊಂದು ಕಾರಣ ನಂಬಿಕೆ. ಈ ದೇಶದಲ್ಲಿ ಆಗ ಲೈಸೆನ್ಸ್ ಮನುಷ್ಯನಿಗೆ, ಕೋವಿಗಲ್ಲ. ಪಿಸ್ತೂಲು, ಮಿಲಿಟರಿ ಮಾದರಿ ಇಂಥವನ್ನು ಬಿಟ್ಟರೆ ಯಾರ ಮನೆಯಲ್ಲಿ ಎಷ್ಟು ಅಂತ ಲೆಕ್ಕವೇ ಇರಲಿಲ್ಲ. ಲೆಕ್ಕ ಇಡಿ ಅಂತ 1997ರಲ್ಲೇ ಕೋವಿ ಕಾನೂನು ಪರಿಶೀಲಿಸಿದ ಥಾರ್ಪ್ ವರದಿ ಹೇಳಿತ್ತು, ಆಗಲಿಲ್ಲ. ಹಾಗಾಗಿ ಜನ ತಾವಾಗಿ ತಂದು ಕೊಟ್ಟರಷ್ಟೇ ಉಂಟು. ಅಂಥ ಹೊತ್ತಲ್ಲಿ, ಡಿಸೆಂಬರ್ ಮೊದಲ ವಾರ, ಕೋವಿ ಒಪ್ಪಿಸುವವರು ಹೆಸರು ನೋಂದಾಯಿಸುವ ಪೊಲೀಸರ ವೆಬ್‌ಸೈಟ್‌ನಲ್ಲಿ ಬೇರೆಯವರ ವಿವರ ಒಬ್ಬ ವ್ಯಾಪಾರಿಗೆ ಕಂಡುಬಿಟ್ಟಿತು. ಕೂಡಲೇ ಮುಚ್ಚಿದರು. ಆದರೆ ಯಾರ ಮನೆಯಲ್ಲಿ ಕೋವಿ ಇದೆ ಅನ್ನೋ ಪಟ್ಟಿ ಕಳ್ಳರ ಕೈಗೆ ಹೋದರೆ? ಆ ವಾರ ಅಂಗಡಿಗೆ ಬಂದ ಫೋನ್‌ಗಳಿಗೆ ಲೆಕ್ಕ ಇಲ್ಲ.

ಡಿಸೆಂಬರ್ 20ಕ್ಕೆ ಮುಗಿಯಿತು. ಸುಮಾರು 56 ಸಾವಿರ ಕೋವಿ ಬಂದವು. 10 ಕೋಟಿ ಡಾಲರಿಗೂ ಸ್ವಲ್ಪ ಜಾಸ್ತಿ ಕೊಟ್ಟರು. ಇದು ಗೆಲುವೋ ಸೋಲೋ ಅಂತ ಇವತ್ತಿಗೂ ಜಗಳ ಇದೆ. ಯಾಕಂದ್ರೆ ದೇಶದಲ್ಲಿ ಇಂಥ ಕೋವಿ ಎಷ್ಟಿವೆ ಅಂತ ಮೊದಲೇ ಹಾಕಿದ ಅಂದಾಜು 55 ಸಾವಿರದಿಂದ 2 ಲಕ್ಷ 40 ಸಾವಿರದವರೆಗೆ ಇತ್ತು. ಕೋವಿ ಮಾಲೀಕರ ಸಂಘ ಕೋಲ್ಫೋ 1 ಲಕ್ಷ 70 ಸಾವಿರ ಅಂದಿತ್ತು. ಆ ಸಂಘದ ಪರ ಮಾತಾಡುತ್ತಿದ್ದ ನಿಕೋಲ್ ಮೆಕ್‌ಕೀ ಮರುವರ್ಷ ಆಕ್ಟ್ ಪಕ್ಷದಿಂದ ಸಂಸತ್ತಿಗೇ ಹೋದರು. ಒಂದು ಸೀಟಿದ್ದ ಪಕ್ಷಕ್ಕೆ ಆ ಸಲ ಹತ್ತು ಬಂದವು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ನನ್ನ ಕೌಂಟರ್ ಮುಂದೆ ನಿಂತವರ ಸಿಟ್ಟೂ ಅದರಲ್ಲಿ ಇತ್ತು ಅಂತ ನನಗೆ ಅನ್ನಿಸುತ್ತೆ.

ಕ್ರೈಸ್ಟ್‌ಚರ್ಚ್‌ನಿಂದ ಒಬ್ಬ ಸದಸ್ಯೆ

ಅಣ್ಣ, ನಿಮ್ಮ ಅಜ್ಜನ ಕಥೆ ಓದಿ ಕಣ್ಣು ತುಂಬಿತು. ಆದರೆ ನನಗೆ ಇನ್ನೊಂದು ನೆನಪಿದೆ. ಆ ಶುಕ್ರವಾರ ಮಗಳು ಶಾಲೆಯೊಳಗೆ ಬಂದ್, ನಾನು ಆಫೀಸಿನೊಳಗೆ ಬಂದ್. ಸಂಜೆ ಬಿಟ್ಟರು. ಮರುವಾರ ಬೊಟಾನಿಕ್ ಗಾರ್ಡನ್ ಗೋಡೆಯುದ್ದಕ್ಕೂ ಹೂವಿನ ರಾಶಿ. ಕೋವಿ ಕೊಟ್ಟವರ ನೋವು ನಿಜ. ಅದನ್ನು ಆ 51 ಮನೆಗಳ ನೋವಿನ ಪಕ್ಕ ಇಡೋಕೆ ನನ್ನಿಂದ ಆಗಲ್ಲ. ನೀವು ಯಾರ ಕಡೆ?

ಉತ್ತರ

ಅಕ್ಕ, ನೀವು ಕೇಳಿದ್ದು ಸರಿ, ನೇರವಾಗಿ ಹೇಳುತ್ತೇನೆ. ನಿಷೇಧ ಸರಿ. ಅಂಥ ಕೋವಿ ಇಲ್ಲದೆ ಅಷ್ಟು ಬೇಗ ಅಷ್ಟು ಜನರನ್ನು ಕೊಲ್ಲೋಕೆ ಆಗುತ್ತಿರಲಿಲ್ಲ. ಈ ವ್ಯಾಪಾರದಲ್ಲಿ ಇರುವವನಾಗಿ ನನಗೆ ಅದು ಚೆನ್ನಾಗಿ ಗೊತ್ತು. ಮೇಕೆ ಹೊಡೆಯೋದು ಕಷ್ಟವಾಗಲಿ, ಬೋಲ್ಟ್ ಎಳೆದು ಒಂದೊಂದೇ ಈಡು ಹೊಡೆಯಬಹುದು. ಮೊಲಕ್ಕೆ ಸಣ್ಣ ತೋಟಾದ .22 ಕೋವಿ ಇದ್ದೇ ಇದೆ, ಹತ್ತು ತೋಟಾದೊಳಗಿನದಕ್ಕೆ ಅಡ್ಡಿ ಮಾಡಲಿಲ್ಲ. ಉಪದ್ರವ ಕೊಡುವ ಪ್ರಾಣಿ ಹೊಡೆಯೋದೇ ಕಸುಬಾದವರಿಗೆ ಬೇರೆ ಪರವಾನಗಿಯೂ ಇದೆ.

ನನ್ನ ದೂರು ಬೇರೆ. 2020ರ ಡಿಸೆಂಬರ್‌ನಲ್ಲಿ ಬಂದ, ಆ ದಾಳಿಯ ತನಿಖೆ ಮಾಡಿದ ರಾಯಲ್ ಕಮಿಷನ್ ವರದಿ ಓದಿ. ಆ ಕೊಲೆಗಾರನಿಗೆ ಲೈಸೆನ್ಸ್ ಕೊಡುವಾಗ ವಿಚಾರಿಸಿದ್ದು ಯಾರನ್ನು ಗೊತ್ತಾ? ಆನ್‌ಲೈನ್ ಆಟದಲ್ಲಿ ಪರಿಚಯವಾದ ಒಬ್ಬ ಗೆಳೆಯ, ಇನ್ನೊಬ್ಬರು ಆ ಗೆಳೆಯನ ಹೆತ್ತವರಲ್ಲಿ ಒಬ್ಬರು. ಅವನನ್ನು ಹತ್ತಿರದಿಂದ ಬಲ್ಲವರನ್ನು ಕೇಳಲೇ ಇಲ್ಲ. ಆ ಅಜ್ಜನಿಗೆ ಕೋವಿ ಕೇಳುವ ಮೊದಲು ಒಂದು ಮಾತು ಹೇಳಬಹುದಿತ್ತು: "ತಪ್ಪು ನಮ್ಮ ಕಡೆಯೂ ಆಗಿದೆ, ನಿಮ್ಮ ಸಹಾಯ ಬೇಕು" ಅಂತ. ಆ ಮಾತು ಅವತ್ತು ಬಂದಿದ್ದರೆ, 2023ರ ಜೂನ್‌ನಲ್ಲಿ ಪ್ರತಿ ಕೋವಿಯನ್ನೂ ನೋಂದಾಯಿಸಿ ಅಂದಾಗ ಇಷ್ಟು ಅನುಮಾನ ಇರುತ್ತಿರಲಿಲ್ಲ.

ಮಡಿಕೇರಿಯಿಂದ ಒಬ್ಬ ಸದಸ್ಯರು

ಅಣ್ಣ, ನೀವೂ ಕೊಡಗಿನವರು ಅಲ್ವಾ. ನಮ್ಮಲ್ಲಿ ಹೀಗಾದರೆ?

ಉತ್ತರ

ಹೌದು, ನಾಪೋಕ್ಲು ಕಡೆ. ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಅಜ್ಜಯ್ಯ ಕೋವಿಯ ನಳಿಗೆಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸುತ್ತಿದ್ದದ್ದು ಈಗಲೂ ಕಣ್ಣಮುಂದಿದೆ. ಆದರೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ನಮಗಿರುವ ವಿನಾಯಿತಿಯೇ ಬೇರೆ. ಅದು 2029ರವರೆಗೆ ಇದೆ, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ನಮ್ಮ ಮನೆಗಳಲ್ಲಿ ಇರೋದು ಒಂಟಿನಳಿಗೆ, ಜೋಡುನಳಿಗೆ. ಇಲ್ಲಿ ನಿಷೇಧವಾದದ್ದು ಆ ಜಾತಿಯದಲ್ಲ. ಆದರೆ ಆ ಅಜ್ಜ ಎಣ್ಣೆ ಒರೆಸಿ ತಂದದ್ದು ನನಗೆ ಅರ್ಥವಾದದ್ದು ತೋಕ್ ಪೂ ನೆನಪಾಗಿಯೇ.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್ ಅಣ್ಣ. ಇನ್ನೊಂದು ಕೇಳಬೇಕಿತ್ತು. ಹಳೇ ಶೆಡ್ ಗುಡಿಸುವಾಗ ಮೊಳೆ ಡಬ್ಬಿಯ ಹಿಂದೆ ಬಾಗಿದ ಒಂದು ಕಬ್ಬಿಣದ ಮ್ಯಾಗಜಿನ್ ಸಿಕ್ಕಿದೆ. ಉದ್ದ ಇದೆ, 30 ತೋಟಾದ್ದು ಇರಬೇಕು. ಕೋವಿ ಇಲ್ಲ. ಕಸಕ್ಕೆ ಹಾಕಲಾ?

ಉತ್ತರ

ಬೇಡ! ಕೋವಿ ಇಲ್ಲದಿದ್ದರೂ ಅಷ್ಟು ದೊಡ್ಡ ಮ್ಯಾಗಜಿನ್ ಇಟ್ಟುಕೊಳ್ಳೋದೇ ಅಪರಾಧ. ಇದ್ದ ಜಾಗದಲ್ಲೇ ಬಿಡಿ, ನಿಮ್ಮ ಕಾರಿಗಂತೂ ಹಾಕಿಕೊಳ್ಳಬೇಡಿ. ವೀಸಾ ಮೇಲೆ ಇರುವವರಿಗೆ ಇಂಥ ಕೇಸು ಸುಮ್ನೆ ತಲೆನೋವು. ಮೊದಲು ಮಾಲೀಕರಿಗೆ ಹೇಳಿ. ಅವರೇ 105ಕ್ಕೆ (ತುರ್ತಲ್ಲದ ವಿಷಯಕ್ಕೆ ಪೊಲೀಸರ ನಂಬರ್) ಫೋನ್ ಮಾಡಿ ಒಪ್ಪಿಸಲಿ. ತಾವಾಗಿ ಕೊಡುವವರಿಗೆ ಈಗಲೂ ದಾರಿ ಇದೆ, ದುಡ್ಡು ಮಾತ್ರ ಸಿಗಲ್ಲ.

ಪ್ರಶ್ನೆ ಕೇಳಿದವರು (ನಾಲ್ಕು ದಿನದ ಮೇಲೆ)

ಅಣ್ಣ, ಕೊಟ್ಟಾಯ್ತು. ಮಾಲೀಕರು ನೋಡಿ ಮೊದಲು ಸುಮ್ಮನೆ ನಿಂತರು. ಎಲ್ಲಾ ಕೊಟ್ಟಿದ್ದೀನಿ ಅಂತಲೇ ಅವರು ಅಂದುಕೊಂಡಿದ್ದರಂತೆ. ಅವರೇ ಫೋನ್ ಮಾಡಿದರು. ಪೊಲೀಸಮ್ಮ ಒಬ್ಬರು ಮನೆಗೇ ಬಂದು ತಗೊಂಡರು, ಚಹಾ ಕುಡಿದು ಹೋದರು. ಆಕೆ ಹೋದ ಮೇಲೆ ಮಾಲೀಕರು ಅಂದರು: "ಅವತ್ತೂ ಹೀಗೇ ಮನೆಗೆ ಬಂದು ಕೇಳಿದ್ರೆ ಸಾಕಿತ್ತು."