ಸಂಬಂಧವಿಲ್ಲದ ಡಿಎನ್‌ಎ ಹಾಕಿದರೂ ಪೀಕ್ ಇಳಿಯುತ್ತಿದೆ, ಎಲ್ಲಿ ತಪ್ಪಿದ್ದೇನೆ?

ಕೆಂಪುದ್ರಾವಣ, ಮೈಸೂರು:
ಎಂ.ಎಸ್ಸಿ. ಪ್ರಾಜೆಕ್ಟ್. ಕಬ್ಬಿನ ಕೆಂಪು ಕೊಳೆ ರೋಗದ ಶಿಲೀಂಧ್ರದ 20 ಬೇಸ್ ಉದ್ದದ ಡಿಎನ್‌ಎ ತುಂಡನ್ನು ಗುರುತಿಸಬೇಕು. ಪ್ರಿಂಟೆಡ್ ಕಾರ್ಬನ್ ಎಲೆಕ್ಟ್ರೋಡ್ ಮೇಲೆ ಚಿನ್ನದ ನ್ಯಾನೊಕಣಗಳ ದ್ರಾವಣ ಹನಿಸಿ ಒಣಗಿಸಿದೆ. ಅದರ ಮೇಲೆ ಥಯಾಲ್ (ಚಿನ್ನಕ್ಕೆ ಅಂಟುವ ಗಂಧಕದ ಗುಂಪು) ಬಾಲದ ಪ್ರೋಬ್, ಅಂದರೆ ಆ ತುಂಡಿಗೆ ಜೋಡಿಯಾಗುವ ಒಂಟಿ ಎಳೆ ಡಿಎನ್‌ಎ. ಮೆಥಿಲೀನ್ ಬ್ಲೂ ಬಣ್ಣ ಹಾಕಿ ಡಿಪಿವಿ (ವೋಲ್ಟೇಜ್ ಬದಲಿಸುತ್ತಾ ಕರೆಂಟ್ ಅಳೆಯುವ ವಿಧಾನ) ಓಡಿಸಿದರೆ ಆ ಬಣ್ಣದ ಕರೆಂಟ್ ಪೀಕ್ ಚೆನ್ನಾಗಿ ಬರುತ್ತದೆ. ಆದರೆ ಪ್ರೋಬಿಗೆ ಜೋಡಿಯಾಗುವ ಡಿಎನ್‌ಎ ಹಾಕಿದರೆ ಏರುವ ಬದಲು ಇಳಿಯುತ್ತಿದೆ. ಸಂಬಂಧವೇ ಇಲ್ಲದ ಡಿಎನ್‌ಎ ಹಾಕಿದರೂ ಅಷ್ಟೇ ಇಳಿಯುತ್ತದೆ. ಮೂರು ವಾರದಿಂದ ಇದೇ ಗೋಳು.

ಹಳೇಬೀಕರ್, ಮಂಡ್ಯ:
ಒಳ್ಳೆ ವಿಷಯ ಹಿಡಿದಿದ್ದೀರಿ. ನಮ್ಮ ಕಡೆ ಕಬ್ಬು ಸೀಳಿ ಮೂಸಿ ನೋಡುತ್ತಾರೆ, ಹುಳಿ ವಾಸನೆ ಬಂದರೆ ರೋಗ. ಬಿತ್ತನೆ ತುಂಡಿನೊಳಗೆ ಅಡಗಿದ್ದರೆ ಮೂಗಿಗೆಲ್ಲಿ ಸಿಗುತ್ತೆ?

ಪೀಕ್ ಇಳಿಯುವುದು ತಪ್ಪಲ್ಲ. ಮೆಥಿಲೀನ್ ಬ್ಲೂ ಡಿಎನ್‌ಎಯ ನಾಲ್ಕು ಬೇಸ್‌ಗಳಲ್ಲಿ ಒಂದಾದ ಗ್ವಾನಿನ್‌ಗೆ ಹೋಗಿ ಅಂಟುತ್ತದೆ. ಒಂಟಿ ಎಳೆಯಲ್ಲಿ ಗ್ವಾನಿನ್ ಸುಲಭವಾಗಿ ಸಿಗುತ್ತದೆ, ಜೋಡಿಯಾದ ಮೇಲೆ ಒಳಗೆ ಮರೆಯಾಗುತ್ತದೆ. ಅದಕ್ಕೇ ಪೀಕ್ ಇಳಿಯುತ್ತದೆ. ಯೋಚಿಸಬೇಕಾದ್ದು ಎರಡನೆಯದು, ಸಂಬಂಧವಿಲ್ಲದ್ದಕ್ಕೂ ಇಳಿಯುವುದು. ಡಿಎನ್‌ಎ ಇಲ್ಲದ ಬರೀ ಬಫರ್ (ಡಿಎನ್‌ಎ ಕರಗಿಸುವ ಉಪ್ಪಿನ ದ್ರಾವಣ) ಹಾಕಿ, ಅಷ್ಟೇ ಹೊತ್ತು ಬಿಟ್ಟು, ಅಷ್ಟೇ ಸಲ ತೊಳೆದು ನೋಡಿದಿರಾ?

ಕೆಂಪುದ್ರಾವಣ:
ಈಗ ನೋಡಿದೆ ಸರ್. ಬರೀ ಬಫರಿಗೂ ಇಳಿಯಿತು!

ಹಳೇಬೀಕರ್:
ಹಾಗಿದ್ರೆ ನೀವು ಅಳೆಯುತ್ತಿದ್ದದ್ದು ತೊಳೆದುಹೋಗುವುದನ್ನು. ಹೋಗುತ್ತಿರುವುದು ಪ್ರೋಬೋ ಚಿನ್ನವೋ? ತೊಳೆಯದ ಒಂದು, ತೊಳೆದ ಒಂದು ಎಲೆಕ್ಟ್ರೋಡನ್ನು ತೆಳು ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಸೈಕ್ಲಿಕ್ ವೋಲ್ಟಾಮೆಟ್ರಿಗೆ (ವೋಲ್ಟೇಜ್ ಏರಿಸಿ ಇಳಿಸಿ ಕರೆಂಟ್ ನೋಡುವುದು) ಹಾಕಿ. ಪ್ರೋಬ್ ಕೂರಿಸದ ಎಲೆಕ್ಟ್ರೋಡ್ ತಗೊಳ್ಳಿ. ಚಿನ್ನದ ಆಕ್ಸೈಡ್ ಮರಳಿ ಚಿನ್ನವಾಗುವ ಪೀಕ್ ಕುಗ್ಗಿದ್ದರೆ ಚಿನ್ನವೇ ಕಿತ್ತುಬರುತ್ತಿದೆ. ಹನಿಸಿ ಒಣಗಿಸಿದ ಕಣಗಳು ಎಷ್ಟೋ ಸಲ ಸುಮ್ನೆ ಮೇಲೆ ಕೂತಿರುತ್ತವೆ ಅಷ್ಟೆ. ಅದರ ಬದಲು ಕ್ಲೋರೊಆರಿಕ್ ಆಸಿಡ್ ದ್ರಾವಣದಲ್ಲಿ ಕರೆಂಟ್ ಕೊಟ್ಟು ಎಲೆಕ್ಟ್ರೋಡ್ ಮೇಲೆಯೇ ಚಿನ್ನ ಬೆಳೆಸಿ.

ಪ್ರೋಬ್ ಡೈಸಲ್ಫೈಡ್ (ಎರಡು ಗಂಧಕ ಒಂದಕ್ಕೊಂದು ಕಟ್ಟಿಕೊಂಡ) ರೂಪದಲ್ಲಿ ಬಂದಿದ್ದರೆ, ಆ ಕಟ್ಟು ಒಡೆಯುವ ಟಿಸಿಇಪಿ ಹಾಕಿ ಬಿಡಿಸಿದಿರಾ? ಕೂರಿಸಿದ ಮೇಲೆ 1 ಮಿಲಿಮೋಲಾರ್ ಮರ್ಕ್ಯಾಪ್ಟೊಹೆಕ್ಸನಾಲ್‌ನಲ್ಲಿ ಒಂದು ಗಂಟೆ ಇಡಿ. ಇದೂ ಚಿನ್ನಕ್ಕೆ ಅಂಟುವ ಸಣ್ಣ ಥಯಾಲ್. ಸಡಿಲವಾಗಿ ಅಂಟಿದ್ದನ್ನು ತೆಗೆದುಹಾಕಿ, ಮಲಗಿದ ಪ್ರೋಬನ್ನು ಎಬ್ಬಿಸಿ ನಿಲ್ಲಿಸುತ್ತದೆ. ಖಾಲಿ ಚಿನ್ನವೂ ಮುಚ್ಚುತ್ತದೆ. ವಾಸನೆ ಮಾತ್ರ ಕೇಳಬೇಡಿ, ಫ್ಯೂಮ್ ಹುಡ್ ಒಳಗೇ ಮಾಡಿ.

ಕೆಂಪುದ್ರಾವಣ:
ಆಕ್ಸೈಡ್ ಪೀಕ್ ಅರ್ಧಕ್ಕಿಂತ ಕಮ್ಮಿ ಆಗಿತ್ತು. ಮೂರು ವಾರ ಚಿನ್ನವನ್ನೇ ಸಿಂಕಿಗೆ ಬಿಟ್ಟಿದ್ದೇನೆ! ನೀವು ಹೇಳಿದ್ದೆಲ್ಲ ಮಾಡಿದೆ. ಈಗ ಬಫರಿಗೆ ಪೀಕ್ ಅಲುಗುವುದಿಲ್ಲ, ಸಂಬಂಧವಿಲ್ಲದ್ದಕ್ಕೂ ಇಲ್ಲ. ಜೋಡಿಗೆ ಮಾತ್ರ ಇಳಿಯುತ್ತದೆ. ಆದರೆ ಒಂದೇ ಬೇಸ್ ಬೇರೆ ಇರುವ ಡಿಎನ್‌ಎಗೂ ಇಳಿಯುತ್ತಿದೆ.

ಹಳೇಬೀಕರ್:
ತೊಳೆಯುವ ಬಫರಿನಲ್ಲಿ ಉಪ್ಪು ಕಮ್ಮಿ ಮಾಡಿ, ಬಿಸಿ ಸ್ವಲ್ಪ ಜಾಸ್ತಿ ಮಾಡಿ. ತಪ್ಪು ಜೋಡಿ ಮೊದಲು ಬಿಡುತ್ತದೆ. ಒಂದೊಂದೇ ಬದಲಿಸಿ, ಎರಡೂ ಒಟ್ಟಿಗೆ ಬೇಡ.