ಕಣ್ಣಿಗೆ ಮೋಸ ಮಾಡುವ ಮ್ಯೂಸಿಯಂ: ಅತ್ತೆ, ಮಕ್ಕಳ ಜೊತೆ ಹೋಗಬಹುದಾ? ಹೋಗಿ ಬಂದವರು ಹೇಳಿ

ನಾಪೋಕ್ಲು ಕಡೆಯವರು ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಮೂರು ದಿನಕ್ಕೆ ಬೆಂಗಳೂರಿಗೆ, ತಂಗಿ ಮನೆಗೆ ಹೊರಟಿದ್ದೇವೆ. ನಾನು, ಯಜಮಾನರು, 12 ವರ್ಷದ ಮಗ, 7 ವರ್ಷದ ಮಗಳು, ಜೊತೆಗೆ ಅತ್ತೆ. ಅತ್ತೆಗೆ 72.

ಮಗ ರೀಲ್ಸ್ ನೋಡಿ ನೋಡಿ ಇಲ್ಯೂಶನ್ ಮ್ಯೂಸಿಯಂಗೆ ಹೋಗಲೇಬೇಕು ಅಂತ ಹಠ ಹಿಡಿದಿದ್ದಾನೆ. ಒಬ್ಬ ಚಾವಣಿಯಿಂದ ನೇತಾಡುತ್ತಾನಂತೆ, ಇನ್ನೊಬ್ಬನ ತಲೆ ಮಾತ್ರ ತಟ್ಟೆಯಲ್ಲಿ ಇರುತ್ತದಂತೆ. ಯಜಮಾನರು "ಅಷ್ಟು ದುಡ್ಡು ಕೊಟ್ಟು ಕನ್ನಡಿ ನೋಡೋಕೆ ಹೋಗಬೇಕಾ" ಅಂತಾರೆ. ಕೊಟ್ಟ ದುಡ್ಡಿಗೆ ಸರಿಯಾಗುತ್ತದಾ? ಎಷ್ಟು ಹೊತ್ತು ಬೇಕು? ಮುಖ್ಯವಾಗಿ ಅತ್ತೆಯದೇ ಚಿಂತೆ. ಅವರಿಗೆ ಸುಂಟಿಕೊಪ್ಪದ ತಿರುವುಗಳಲ್ಲೇ ತಲೆ ಸುತ್ತು ಶುರುವಾಗುತ್ತದೆ.

ವಿರಾಜಪೇಟೆಯಿಂದ

ಅಕ್ಕ, ಶನಿವಾರ ಭಾನುವಾರ ಮಾತ್ರ ಬೇಡ. ನಾವು ಒಂದು ಊರಿನಲ್ಲಿ ಭಾನುವಾರ ಸಂಜೆ ಹೋಗಿ ಪೆಟ್ಟು ತಿಂದೆವು. ಒಂದೊಂದು ಆಟಕ್ಕೂ ಕ್ಯೂ. ನಮ್ಮ ಸರದಿ ಬಂದರೆ ಅಲ್ಲಿನ ಹುಡುಗ "ಬೇಗ ಸಾರ್, ಬೇಗ" ಅಂತ ಅಟ್ಟುತ್ತಿದ್ದ. ಕನ್ನಡಿ ತುಂಬಾ ಬೆರಳಿನ ಗುರುತು. ಎರಡು ಕಡೆ ಲೈಟೇ ಇಲ್ಲ. ದುಡ್ಡು ಮಾತ್ರ ಪೂರ್ತಿ. ವಾರದ ನಡುವೆ, ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಫೋನ್ ಫುಲ್ ಚಾರ್ಜ್ ಇರಲಿ.

ಕುಶಾಲನಗರದ ಟೀಚರ್

ನಾನು ಇಂಥ ಜಾಗಗಳಿಗೆ ಮೂರು ಸಲ ಹೋಗಿದ್ದೇನೆ. ಎರಡು ಸಲ ಮನೆಯವರ ಜೊತೆ, ಒಂದು ಸಲ ಶಾಲೆ ಮಕ್ಕಳ ಜೊತೆ. ದುಡ್ಡಿಗೆ ಸರಿಯಾಗುತ್ತದಾ ಅನ್ನುವುದು ನೀವು ಹೇಗೆ ನೋಡುತ್ತೀರಿ ಅನ್ನುವುದರ ಮೇಲಿದೆ. ಸುಮ್ನೆ ಫೋಟೋ ಹೊಡೆದು ಓಡಿದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಆಮೇಲೆ ಯಜಮಾನರು ಹೇಳಿದ್ದೇ ನಿಜ ಅನಿಸುತ್ತದೆ. "ಇದನ್ನು ಹೇಗೆ ಮಾಡಿದ್ದಾರೆ" ಅಂತ ಹುಡುಕುತ್ತಾ ಹೋದರೆ ಒಂದೂವರೆ ಗಂಟೆ ಬೇಕು.

ಉದಾಹರಣೆಗೆ ಏಮ್ಸ್ ಕೋಣೆ. ಹೆಚ್ಚಿನ ಕಡೆ ಇದು ಇದ್ದೇ ಇರುತ್ತದೆ. ಒಂದು ಕಿಂಡಿಯಿಂದ ನೋಡಬೇಕು. ಒಳಗೆ ಮಾಮೂಲಿ ಚೌಕದ ಕೋಣೆ ಕಾಣುತ್ತದೆ. ಒಂದು ಮೂಲೆಯಲ್ಲಿ ನಿಂತವರು ದೈತ್ಯ, ಇನ್ನೊಂದು ಮೂಲೆಯಲ್ಲಿ ನಿಂತವರು ಗುಬ್ಬಚ್ಚಿ. ನಾಲ್ಕನೇ ಕ್ಲಾಸಿನ ನನ್ನ ಮಗಳು ಅವಳ ಅಪ್ಪನಿಗಿಂತ ಎತ್ತರ ಕಂಡಳು. ಇಬ್ಬರೂ ಜಾಗ ಬದಲಿಸುತ್ತಾ ನಡೆದರೆ ಒಬ್ಬರು ಬೆಳೆಯುತ್ತಾರೆ, ಒಬ್ಬರು ಕುಗ್ಗುತ್ತಾರೆ. ಗುಟ್ಟು ಇಷ್ಟೇ: ಕೋಣೆ ಚೌಕವೇ ಅಲ್ಲ. ಒಂದು ಮೂಲೆ ನಮ್ಮಿಂದ ತುಂಬಾ ದೂರ ಇರುತ್ತದೆ. ಆ ಕಡೆಗೆ ನೆಲ ಇಳಿಜಾರು, ಚಾವಣಿ ಏರು. ಕಿಟಕಿಗಳನ್ನೂ ಅದಕ್ಕೆ ತಕ್ಕ ಹಾಗೆ ಸೊಟ್ಟಗೆ ಮಾಡಿರುತ್ತಾರೆ. ಹುಟ್ಟಿದಾಗಿನಿಂದ ಚೌಕದ ಕೋಣೆಗಳನ್ನೇ ನೋಡಿದ ನಮ್ಮ ತಲೆ, ಕೋಣೆ ಸೊಟ್ಟ ಅಂತ ಒಪ್ಪುವುದಿಲ್ಲ. ಬದಲಿಗೆ ಮನುಷ್ಯನೇ ಚಿಕ್ಕವನಾದ ಅಂದುಕೊಳ್ಳುತ್ತದೆ! ಇದನ್ನು ಮಾಡಿದವರು ಅಡೆಲ್ಬರ್ಟ್ ಏಮ್ಸ್ ಅಂತ, ಅಮೆರಿಕದವರು. ಒಳಗೆ ಹೋದಾಗ ನೆಲದ ಮೇಲೆ ಒಂದು ಗೋಲಿ ಇಟ್ಟು ನೋಡಿ ಅಂತ ಮಗನಿಗೆ ಹೇಳಿ. ತಾನಾಗಿ ಉರುಳಿ ದೂರದ ಮೂಲೆಗೆ ಹೋಗುತ್ತದೆ.

ತಟ್ಟೆಯಲ್ಲಿನ ತಲೆ ಇನ್ನೂ ಸುಲಭ. ಮೇಜಿನ ಕಾಲುಗಳ ನಡುವೆ ಕನ್ನಡಿಗಳನ್ನು ಓರೆಯಾಗಿ ಕೂರಿಸಿರುತ್ತಾರೆ. ಮೇಜಿನ ಕೆಳಗೆ ಖಾಲಿ ಜಾಗ ಅಂತ ನಾವು ಅಂದುಕೊಂಡದ್ದು ಪಕ್ಕದ ಗೋಡೆಯ ಪ್ರತಿಬಿಂಬ. ಕನ್ನಡಿಯ ಹಿಂದೆ ಮನುಷ್ಯ ಹಾಯಾಗಿ ಕೂತಿರುತ್ತಾನೆ.

ಫೋಟೋ ತೆಗೆಯುವವರಿಗೆ ಒಂದು ಮಾತು. ಗೋಡೆಯ ಮೇಲೆ, ನೆಲದ ಮೇಲೆ ಬಿಡಿಸಿದ ತ್ರೀಡಿ ಚಿತ್ರಗಳು ಬರಿಗಣ್ಣಿಗೆ ಸಪ್ಪೆ. "ಇಷ್ಟೇನಾ" ಅನಿಸುತ್ತದೆ. ಅದೇ ಫೋಟೋದಲ್ಲಿ ಪ್ರಪಾತದ ಅಂಚಿನಲ್ಲಿ ನಿಂತ ಹಾಗೆ ಬರುತ್ತದೆ. ಯಾಕೆಂದರೆ ನಮಗೆ ಎರಡು ಕಣ್ಣು. ಎರಡೂ ಸ್ವಲ್ಪ ಬೇರೆ ಬೇರೆ ನೋಟ ಕೊಡುವುದರಿಂದ ಗೋಡೆ ಚಪ್ಪಟೆ ಅಂತ ತಲೆಗೆ ತಿಳಿದುಬಿಡುತ್ತದೆ. ಫೋನಿಗೆ ಮೂರು ಲೆನ್ಸ್ ಇದ್ದರೂ ಫೋಟೋ ಒಂಟಿಗಣ್ಣಿನದ್ದೇ. ನೆಲದ ಮೇಲೆ ಕ್ಯಾಮೆರಾ ಗುರುತು ಇರುತ್ತದೆ, ಅಲ್ಲಿ ನಿಂತು ಒಂದು ಕಣ್ಣು ಮುಚ್ಚಿ ನೋಡಿ. ಚಿತ್ರ ಎದ್ದು ಬರುತ್ತದೆ. ಎರಡು ಹೆಜ್ಜೆ ಆಚೆ ಹೋದರೆ ಮತ್ತೆ ಬರೀ ಬಣ್ಣ.

ಮತ್ತೆ ಜಡೆ! ತಲೆಕೆಳಗಾದ ಕೋಣೆಯಲ್ಲಿ ಫೋಟೋ ತೆಗೆದು ಆಮೇಲೆ ಅದನ್ನು ತಿರುಗಿಸುತ್ತಾರೆ, ಆಗ ನೀವು ಚಾವಣಿಯಿಂದ ನೇತಾಡಿದ ಹಾಗೆ ಕಾಣುತ್ತದೆ. ನನ್ನ ಜಡೆ ಮಾತ್ರ ಚಾವಣಿ ಕಡೆಗೆ ನೆಟ್ಟಗೆ ನಿಂತಿತ್ತು. ಕೂದಲು ತುರುಬು ಕಟ್ಟಿ, ದುಪ್ಪಟ್ಟಕ್ಕೆ ಪಿನ್ ಹಾಕಿ.

ಗೋಣಿಕೊಪ್ಪದಿಂದ, ಆಸ್ಪತ್ರೆಯಲ್ಲಿ ನರ್ಸ್

ನಿಮ್ಮ ಅತ್ತೆಯ ವಿಷಯಕ್ಕೆ ಬರುತ್ತೇನೆ. ಹೆಚ್ಚಿನವು ಕನ್ನಡಿ, ಚಿತ್ರ. ಅವರಿಗೆ ಏನೂ ಆಗುವುದಿಲ್ಲ. ಆದರೆ ತಿರುಗುವ ಸುರಂಗ ಅಂತ ಒಂದು ಇರುತ್ತದೆ. ಅದಕ್ಕೆ ಕರೆದುಕೊಂಡು ಹೋಗಬೇಡಿ.

ಅದರಲ್ಲಿ ನಡುವೆ ಕಬ್ಬಿಣದ ಸೇತುವೆ. ಸುತ್ತಲೂ ಬಣ್ಣದ ಚುಕ್ಕಿ, ಲೈಟುಗಳಿರುವ ದೊಡ್ಡ ಉರುಳೆ ತಿರುಗುತ್ತಿರುತ್ತದೆ. ಸೇತುವೆ ಒಂದಿಂಚೂ ಅಲ್ಲಾಡುವುದಿಲ್ಲ, ಆದರೂ ಮಗುಚಿಕೊಂಡ ಹಾಗೆ ಆಗುತ್ತದೆ. ನೀನು ತಿರುಗುತ್ತಿದ್ದೀಯ ಅಂತ ಕಣ್ಣು ಹೇಳುತ್ತದೆ. ಸಮತೋಲ ನೋಡಿಕೊಳ್ಳುವ ಒಳಕಿವಿ, ಇಲ್ಲ, ನಿಂತಿದ್ದೀಯ ಅನ್ನುತ್ತದೆ. ಈ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ಬಸ್ಸಿನಲ್ಲಿ ವಾಂತಿ ಬರುವುದೂ ಹೀಗೇ, ಅಲ್ಲಿ ಕಿವಿ ಅಲ್ಲಾಡುತ್ತಿದೆ ಅನ್ನುತ್ತದೆ, ಪುಸ್ತಕ ಓದುವ ಕಣ್ಣು ಇಲ್ಲ ಅನ್ನುತ್ತದೆ. ನಮ್ಮ ಅಪ್ಪ ಅರ್ಧ ದಾರಿಯಲ್ಲಿ ಕಂಬಿ ಹಿಡಿದು ಕೂತೇಬಿಟ್ಟರು. ಕಣ್ಣು ಮುಚ್ಚಿ ಅಂತ ಹೇಳಿದೆ. ಮುಚ್ಚಿದ ಕೂಡಲೇ ಸರಿಯಾಯಿತು, ಕೈ ಹಿಡಿದು ದಾಟಿಸಿದೆ. ಮಕ್ಕಳಿಗೂ ಇದನ್ನು ಹೇಳಿಕೊಡಿ: ತಲೆ ಸುತ್ತಿದರೆ ಕಂಬಿ ಹಿಡಿ, ಕಣ್ಣು ಮುಚ್ಚು.

ನೆಲ ಓರೆಯಾಗಿರುವ ಕೋಣೆಯಲ್ಲೂ ವಯಸ್ಸಾದವರು ಜಾಗ್ರತೆ. ಅಲ್ಲಿ ಓರೆ ನಿಜವಾದದ್ದು, ಮಂಡಿ ನೋವಿನವರು ಜಾರುತ್ತಾರೆ. ಫಿಟ್ಸ್ ಇರುವವರು ಮಿನುಗುವ ಲೈಟಿನ ಕೋಣೆಗೆ ಹೋಗಲೇಬಾರದು. ಸುರಂಗಕ್ಕೆ ಹೋಗದೆ ದಾಟಲು ಬೇರೆ ದಾರಿ ಇದೆಯಾ ಅಂತ ಟಿಕೆಟ್ ತೆಗೆಯುವ ಮೊದಲೇ ಕೇಳಿ. ಮತ್ತೆ ಮಡಿಕೇರಿಯಿಂದ 260 ಕಿ.ಮೀ. ಬಂದ ದಿನವೇ ಹೋಗಬೇಡಿ ಅಕ್ಕ. ಮರುದಿನ ಹೋಗಿ.

ಸಿದ್ದಾಪುರ, ತೋಟದಲ್ಲಿ ಲೆಕ್ಕ ಬರೆಯುವ ರೈಟರ್

ನಾನು ಯಜಮಾನರ ಪಾರ್ಟಿ. ಒಬ್ಬೊಬ್ಬರಿಗೂ ಅಷ್ಟು ಕೊಟ್ಟು ಫೋಟೋ ತೆಗೆಸಿಕೊಳ್ಳುವ ಬದಲು ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋಗಿ. 1962ರಲ್ಲಿ ನೆಹರು ಉದ್ಘಾಟನೆ ಮಾಡಿದ್ದು. ಅಲ್ಲಿ ಮೋಜಿನ ವಿಜ್ಞಾನದ ವಿಭಾಗವೇ ಇದೆ, ಮಕ್ಕಳು ಕೈಯಾರೆ ಮುಟ್ಟಿ, ತಿರುಗಿಸಿ ನೋಡಬಹುದು. ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನದ ಪೂರ್ತಿ ಅಳತೆಯ ಮಾದರಿಯೂ ಇದೆ. ಪಕ್ಕದಲ್ಲೇ ಕಬ್ಬನ್ ಪಾರ್ಕ್, ಅತ್ತೆಗೆ ಕೂರಲು ನೆರಳು.

ಕುಶಾಲನಗರದ ಟೀಚರ್

ಅಣ್ಣ, ಅದೂ ಒಳ್ಳೆಯದೇ, ನಾನು ಬೇಡ ಅನ್ನುವುದಿಲ್ಲ. ಎರಡೂ ನೋಡಲಿ. ಹಾಗೆ ಲೆಕ್ಕ ಹಾಕಿದರೆ ಹಂಪಿಯ ವಿರೂಪಾಕ್ಷ ಗುಡಿಯಲ್ಲಿ ಪುಕ್ಕಟೆ ಇದೆ. ಗೋಡೆಯಲ್ಲಿ ಸಣ್ಣ ಕಿಂಡಿ, ಕತ್ತಲೆ ಕೋಣೆಯಲ್ಲಿ ಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದೆ. ಅದು ಕಣ್ಣಿನ ಮೋಸವೇ ಅಲ್ಲ, ಬೆಳಕು ನೇರವಾಗಿ ಹೋಗುವುದರಿಂದ ಆಗುವುದು. ಮಕ್ಕಳಿಗೆ ಈ ಎರಡರ ವ್ಯತ್ಯಾಸ ಹೇಳಿದರೆ ಚೆನ್ನಾಗಿ ಅರ್ಥವಾಗುತ್ತದೆ.

ದುಬೈನಿಂದ, ಊರು ಪೊನ್ನಂಪೇಟೆ

ಇಲ್ಲಿನ ಅಲ್ ಸೀಫ್‌ನಲ್ಲಿ ಒಂದಿದೆ, ಹೋಗಿದ್ದೆ. ಇದರ ಮೂಲ ಕ್ರೊಯೇಷಿಯಾದ ಝಾಗ್ರೆಬ್, 2015ರಲ್ಲಿ ಶುರುವಾದದ್ದು. ಈಗ ಎಷ್ಟೋ ದೇಶಗಳಲ್ಲಿ ಶಾಖೆ. ಒಬ್ಬನೇ ಹೋಗಬಾರದು ಅಷ್ಟೇ. ನನ್ನ ಫೋಟೋ ತೆಗೆಯಲು ಯಾರೂ ಇರಲಿಲ್ಲ. ತಟ್ಟೆಯಲ್ಲಿ ತಲೆ ಇಟ್ಟು ಗೊತ್ತಿಲ್ಲದವರನ್ನು "ಬ್ರದರ್, ಒಂದು ಫೋಟೋ" ಅಂತ ಕೇಳುವುದು ಎಷ್ಟು ನಾಚಿಕೆ ನೋಡಿ.

ಮಡಿಕೇರಿಯಿಂದ

ಬೆಂಗಳೂರಿಗೆ ಹೋಗುವ ಮೊದಲು ಮಕ್ಕಳಿಗೆ ಇಲ್ಲೇ ಒಂದು ತೋರಿಸಿ. ಅಬ್ಬಿ ಫಾಲ್ಸ್‌ಗೆ ಹೋಗಿ ಬೀಳುವ ನೀರನ್ನು ಅರ್ಧ ನಿಮಿಷ ನೋಡಿ. ಆಮೇಲೆ ಪಕ್ಕದ ಬಂಡೆ ನೋಡಿ. ಬಂಡೆ ಮೆಲ್ಲಗೆ ಮೇಲಕ್ಕೆ ಹೋಗುತ್ತದೆ! ಸ್ಕಾಟ್ಲೆಂಡಿನ ಫಾಯರ್ಸ್ ಜಲಪಾತದಲ್ಲಿ ರಾಬರ್ಟ್ ಆಡಮ್ಸ್ ಅನ್ನುವವರು ಇದನ್ನು ಕಂಡು 1834ರಲ್ಲಿ ಬರೆದಿದ್ದಾರೆ. ಅದಕ್ಕೇ ಇದಕ್ಕೆ ಜಲಪಾತದ ಭ್ರಮೆ ಅಂತಲೇ ಹೆಸರು. ಕೆಳಮುಖ ಚಲನೆಯನ್ನು ಗುರುತಿಸುವ ಮೆದುಳಿನ ಕೋಶಗಳು ನೋಡಿ ನೋಡಿ ದಣಿಯುತ್ತವೆ. ನೀರಿನಿಂದ ಕಣ್ಣು ತೆಗೆದಾಗ ಮೇಲ್ಮುಖ ಗುರುತಿಸುವ ಕೋಶಗಳದ್ದೇ ಸ್ವಲ್ಪ ಹೊತ್ತು ಜೋರು. ಮಳೆಗಾಲ ಮುಗಿಯುವ ಹೊತ್ತಿಗೆ ನೀರು ತುಂಬಿದ್ದಾಗ ಚೆನ್ನಾಗಿ ಆಗುತ್ತದೆ.

ನಾಪೋಕ್ಲು ಕಡೆಯವರು, ಹೋಗಿ ಬಂದ ಮೇಲೆ

ಎಲ್ಲರಿಗೂ ಥ್ಯಾಂಕ್ಸ್. ಮಂಗಳವಾರ ಬೆಳಿಗ್ಗೆ ಬಾಗಿಲು ತೆರೆಯುವಾಗಲೇ ಹೋದೆವು. ಒಳಗೆ ನಮ್ಮನ್ನು ಬಿಟ್ಟರೆ ಇನ್ನೊಂದೇ ಕುಟುಂಬ. 1 ಗಂಟೆ 40 ನಿಮಿಷ ಇದ್ದೆವು. ಸುರಂಗದ ಪಕ್ಕದಲ್ಲಿ ಬೇರೆ ದಾರಿ ಇತ್ತು, ಅತ್ತೆ ಅದರಲ್ಲಿ ಬಂದರು. ಮಗಳು ಸುರಂಗದಲ್ಲಿ ಕಣ್ಣು ಮುಚ್ಚುವುದು, ತೆರೆಯುವುದು, ಮತ್ತೆ ಮುಚ್ಚುವುದು ಮಾಡಿಕೊಂಡು ನಾಲ್ಕು ಸಲ ದಾಟಿದಳು. ಗೋಲಿ ಮರೆತು ಹೋಗಿತ್ತು ಟೀಚರ್, ಚಿಲ್ಲರೆ ನಾಣ್ಯ ಉರುಳಿಸಿದೆವು.

ಯಜಮಾನರ ಕತೆ ಕೇಳಿ. ಒಂದು ಬೋರ್ಡಿನ ಮೇಲೆ ಎರಡು ಗೆರೆ. ಒಂದರ ತುದಿಗೆ ಬಾಣದ ಹಾಗೆ ಒಳಕ್ಕೆ ಮಡಚಿದ ರೆಕ್ಕೆ, ಇನ್ನೊಂದಕ್ಕೆ ಹೊರಕ್ಕೆ ಬಿಡಿಸಿದ ರೆಕ್ಕೆ. ಎರಡೂ ಒಂದೇ ಉದ್ದ ಅಂತ ಬರೆದಿತ್ತು. ಇವರು ಒಪ್ಪಲಿಲ್ಲ. ತೋಟದಲ್ಲಿ ಗುಂಡಿ ಅಳೆದು ಅಳೆದು ಕಣ್ಣಳತೆ ಮೇಲೆ ಭಾರೀ ನಂಬಿಕೆ. ಗೇಣು ಹಾಕಿ ಅಳೆದರು, ಸಮ ಬಂತು. ಹಿಂದೆ ಸರಿದು ನೋಡಿದರು, ಮತ್ತೆ ಉದ್ದ ಗಿಡ್ಡ. ಮತ್ತೆ ಹೋಗಿ ಗೇಣು. ಮಗ ಕೈ ಹಿಡಿದು ಎಳೆದುಕೊಂಡು ಹೋಗಬೇಕಾಯಿತು. ಕನ್ನಡಿ ನೋಡೋಕೆ ದುಡ್ಡು ಯಾಕೆ ಅಂದವರೇ ಕೊನೆಗೆ ಹೊರಗೆ ಬಂದದ್ದು.

ಅತ್ತೆಗೆ ಇಷ್ಟವಾದದ್ದು ಒಂದು ಮೂಲೆಯ ಕನ್ನಡಿ. ಎರಡು ಕನ್ನಡಿಗಳನ್ನು ಲಂಬಕೋನದಲ್ಲಿ, ಪುಸ್ತಕ ತೆರೆದ ಹಾಗೆ ಜೋಡಿಸಿದ್ದರು. ಮಾಮೂಲಿ ಕನ್ನಡಿಯ ಹಾಗೆ ಎಡ ಬಲ ಅದಲು ಬದಲು ಆಗುವುದಿಲ್ಲ, ಬೇರೆಯವರು ನಮ್ಮನ್ನು ನೋಡಿದ ಹಾಗೇ ಕಾಣುತ್ತದೆ. ಅತ್ತೆ ಕೊಡವ ಸೀರೆ ಉಟ್ಟಿದ್ದರು. ಬಲ ಹೆಗಲಿನ ಸೆರಗಿನ ಪಿನ್ ಸರಿ ಮಾಡಲು ಕನ್ನಡಿ ನೋಡಿಕೊಂಡು ಕೈ ಎತ್ತಿದರೆ, ಒಳಗಿನ ಕೈ ಆಚೆ ಕಡೆಯಿಂದ ಬರುತ್ತದೆ. ಮತ್ತೆ ಪ್ರಯತ್ನ ಮಾಡಿದರು, ಮತ್ತೆ ತಪ್ಪು. "ಈ ಕನ್ನಡಿ ಸರಿ ಇಲ್ಲ" ಅಂದರು. ಮಗ "ಅಜ್ಜಿ, ಇದೇ ಸರಿ ಇರೋದು, ಮನೆಯದ್ದು ಉಲ್ಟಾ" ಅಂದ. ಅತ್ತೆ ಅವನ ಮುಖ ನೋಡಿದರು, ಕನ್ನಡಿ ನೋಡಿದರು, ಆಮೇಲೆ ಕಣ್ಣು ಮುಚ್ಚಿಕೊಂಡು ಕೈಯಲ್ಲೇ ತಡವಿ ಪಿನ್ ಹಾಕಿಕೊಂಡರು.

ಮಡಿಕೇರಿ ಅಣ್ಣ, ವಾಪಸ್ ಬಂದ ಮೇಲೆ ಅಬ್ಬಿಗೂ ಹೋದೆವು. ಮಕ್ಕಳಿಬ್ಬರಿಗೂ ಬಂಡೆ ಹೋಯಿತಂತೆ. ನನಗೆ ಬಂಡೆ ಬಂಡೆಯಾಗೇ ಇತ್ತು. ಏನು ತಪ್ಪು ಮಾಡಿದೆ?

ಮಡಿಕೇರಿಯಿಂದ

ನೀರಿನ ಜೊತೆ ಕಣ್ಣು ಕೆಳಗೆ ಇಳಿಸಿರುತ್ತೀರಿ ಅಕ್ಕ, ಎಲ್ಲರೂ ಮಾಡುವುದೇ ಅದು. ಫಾಲ್ಸ್‌ನ ನಡುವೆ ಕದಲದ ಒಂದು ಕಲ್ಲಿನ ತುದಿ ಹುಡುಕಿ. ಅದರ ಮೇಲೇ ಕಣ್ಣು ನೆಟ್ಟು ಮನಸ್ಸಿನಲ್ಲೇ ನಲವತ್ತರವರೆಗೆ ಎಣಿಸಿ. ನೀರು ತಾನಾಗಿ ಬೀಳುತ್ತಿರಲಿ.