ವಾರಗಟ್ಟಲೆ ನಿಂತ ಕಾರು ಸ್ಟಾರ್ಟ್ ಮಾಡಿದರೆ ಆಯಿಲ್ ಲೈಟ್ ತಡವಾಗಿ ಆರುತ್ತದೆ. ಏನು ಮಾಡಲಿ?

ಪೆರ್ಲದವನು:

ಎಲ್ಲರಿಗೂ ನಮಸ್ಕಾರ. ನಾನು ಶಾರ್ಜಾದಲ್ಲಿ ಕೆಲಸದಲ್ಲಿದ್ದೇನೆ. ಕಾರು ಪೆರ್ಲದ ಹತ್ತಿರ ನಮ್ಮ ಮನೆಯಲ್ಲಿದೆ. 2012ರ ಮಾಡೆಲ್, ಸಣ್ಣ ಪೆಟ್ರೋಲ್ ಕಾರು, ಟೈಮಿಂಗ್ ಚೈನ್ (ವಾಲ್ವ್‌ಗಳನ್ನು ಓಡಿಸುವ ಒಳಗಿನ ಚೈನ್) ಇರುವ ಇಂಜಿನ್. ಅಪ್ಪ ಆಸ್ಪತ್ರೆಗೆ, ಮದುವೆಗೆ ಅಂತ ಅಪರೂಪಕ್ಕೆ ತೆಗೆಯುತ್ತಾರೆ. ಜೂನ್‌ನಲ್ಲಿ ಮಳೆ ಹಿಡಿದರೆ ಅದೂ ಇಲ್ಲ.

ಈಗ ರಜೆಯಲ್ಲಿ ಬಂದಿದ್ದೇನೆ. ಕಾರು ಸ್ಟಾರ್ಟ್ ಮಾಡಿದರೆ ಆಯಿಲ್ ಪ್ರೆಶರ್ ಕಡಿಮೆ ಇದ್ದರೆ ಉರಿಯುವ ಕೆಂಪು ಲೈಟ್ ಕೂಡಲೇ ಆರುವುದಿಲ್ಲ. ನಾಲ್ಕೈದು ಸೆಕೆಂಡ್ ಉರಿಯುತ್ತಲೇ ಇರುತ್ತದೆ. ಅಷ್ಟು ಹೊತ್ತೂ ಚೈನ್ ಇರುವ ಕಡೆಯಿಂದ ಟರ್ ಅಂತ ಸದ್ದು. ಲೈಟ್ ಆರಿತು ಅಂದರೆ ಸದ್ದೂ ನಿಂತಿತು. ಆಯಿಲ್ ಲೆವೆಲ್ ನೋಡಿದೆ, ಸರಿ ಇದೆ.

ಒಬ್ಬ ಮೆಕ್ಯಾನಿಕ್ ದಪ್ಪ ಆಯಿಲ್ ಹಾಕಿಸಿ, 20ಡಬ್ಲ್ಯೂ-50 ಹಾಕಿದರೆ ಸದ್ದು ಹೋಗುತ್ತದೆ ಎಂದರು. ಮ್ಯಾನುಯಲ್‌ನಲ್ಲಿ 5ಡಬ್ಲ್ಯೂ-30 ಎಂದಿದೆ. ಸ್ಟಾರ್ಟ್ ಮಾಡುವ ಮೊದಲೇ ಇಂಜಿನ್‌ಗೆ ಆಯಿಲ್ ತಳ್ಳುವ ಅಕ್ಯುಮುಲೇಟರ್ ಕಿಟ್ ಒಂದನ್ನು ಯೂಟ್ಯೂಬ್‌ನಲ್ಲಿ ನೋಡಿದೆ. ಅದನ್ನು ಹಾಕಿಸಬಹುದಾ? ನೆರೆಮನೆಯವರು ದಿನಾ ಬೆಳಗ್ಗೆ ಎರಡು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸಾಕು ಅನ್ನುತ್ತಾರೆ. ಅದು ಸರಿಯಾ?

ಇನ್ನೊಂದು ಹೇಳಬೇಕು. ಮನೆ ತಗ್ಗಿನಲ್ಲಿ, ತೋಟದ ಬದಿಯಲ್ಲಿದೆ. ಅಂಗಳದಿಂದ ಹೊರಟ ಕೂಡಲೇ ಕಡಿದಾದ ಏರು. ಫಸ್ಟ್ ಗೇರಿನಲ್ಲೇ ಹತ್ತಬೇಕು.

ಮುಳ್ಳೇರಿಯ ಜೀಪು:

ನಮ್ಮ ಹಳೇ ಡೀಸೆಲ್ ಜೀಪಿಗೆ ಮೊದಲಿನಿಂದಲೂ 20ಡಬ್ಲ್ಯೂ-50. ಏನೂ ಆಗಿಲ್ಲ. ನಮ್ಮದು ಸೆಕೆಯ ಊರು, ತೆಳ್ಳಗಿನ ಆಯಿಲ್ ಚಳಿ ದೇಶಕ್ಕೆ. ಸುಮ್ನೆ ದಪ್ಪದ್ದು ಹಾಕಿಸಿ.

ಕುಂಬಳೆ ಇಂಜಿನ್ ರೂಮ್:

ಪೆರ್ಲದವರೇ, ಸ್ವಲ್ಪ ತಾಳ್ಮೆಯಿಂದ ಓದಿ. ಹಡಗಿನ ಇಂಜಿನ್ ರೂಮಿನಲ್ಲಿ ಕೆಲಸ ಮಾಡಿ ಈಗ ಊರಿಗೆ ಬಂದು ಕೂತವನು ನಾನು. ಅಲ್ಲಿ ಜನರೇಟರ್ ಇಂಜಿನ್ ಸ್ಟಾರ್ಟ್ ಮಾಡುವ ಮೊದಲು ಕರೆಂಟಿನ ಪ್ರೈಮಿಂಗ್ ಪಂಪ್ ಓಡಿಸಿ, ತಿರುಗುವ ಶಾಫ್ಟನ್ನು ಹೊರುವ ಬೇರಿಂಗ್‌ಗಳಿಗೆ ಆಯಿಲ್ ಕೊಡುತ್ತಿದ್ದೆವು. ಮೇನ್ ಇಂಜಿನ್‌ಗಂತೂ ಆಯಿಲ್ ಪ್ರೆಶರ್ ಬಾರದೆ ಸ್ಟಾರ್ಟ್ ಕೊಡಲು ಆಗುವುದೇ ಇಲ್ಲ. ಒಂದು ಬೇರಿಂಗ್ ಹೋದರೆ ಏನಾಗುತ್ತದೆ ಅಂತ ಕಣ್ಣಾರೆ ಕಂಡವನು. ಹಾಗಾಗಿ ನಿಮ್ಮ ಚಿಂತೆ ನನಗೆ ಅರ್ಥವಾಗುತ್ತದೆ.

ಕಾರಿನಲ್ಲಿ ಆಯಿಲ್ ಪಂಪನ್ನು ತಿರುಗಿಸುವುದು ಇಂಜಿನ್ನೇ. ಅದು ತಿರುಗುವವರೆಗೆ ಪ್ರೆಶರ್ ಸೊನ್ನೆ. ಹೊಸ ಕಾರಿಗೂ ಇದು ತಪ್ಪಿದ್ದಲ್ಲ. ಆ ಒಂದೆರಡು ಸೆಕೆಂಡ್ ಇಂಜಿನ್ನನ್ನು ಕಾಯುವುದು ಬೇರಿಂಗ್‌ಗಳಲ್ಲಿ ಉಳಿದ ಆಯಿಲ್ ಪಸೆ, ಮತ್ತೆ ಆಯಿಲ್‌ಗೆ ಸೇರಿಸಿದ ಝಿಂಕ್ ಅಂಶ ಲೋಹದ ಮೇಲೆ ಕಟ್ಟುವ ತೆಳು ಪದರ. ಒಂದೆರಡು ಸೆಕೆಂಡಿಗೆ ಲೈಟ್ ಆರಿದರೆ ಚಿಂತೆ ಇಲ್ಲ. ನಾಲ್ಕೈದು ಅಂದರೆ ಜಾಸ್ತಿಯಾಯಿತು. ಫಿಲ್ಟರ್, ಆಯಿಲ್ ಹೋಗುವ ದಾರಿಗಳು ಖಾಲಿಯಾಗಿ ಎಲ್ಲಾ ಆಯಿಲ್ ಕೆಳಗೆ ಸಂಪ್‌ಗೆ (ಇಂಜಿನ್ ತಳದ ಆಯಿಲ್ ತೊಟ್ಟಿಗೆ) ಇಳಿದಿದೆ ಅಂತ ಲೆಕ್ಕ. ಚೈನ್ ಬಿಗಿ ಹಿಡಿಯುವ ಟೆನ್ಷನರ್ ಎಷ್ಟೋ ಇಂಜಿನ್‌ಗಳಲ್ಲಿ ಆಯಿಲ್ ಪ್ರೆಶರ್‌ನಿಂದಲೇ ಕೆಲಸ ಮಾಡುವುದು. ನಿಮಗೆ ಕೇಳುವ ಸದ್ದು ಅದೇ ಇರಬೇಕು.

ನನ್ನ ಮೊದಲ ಅನುಮಾನ ಫಿಲ್ಟರ್ ಮೇಲೆ. ನಿಮ್ಮ ತೋಟದ ಪಂಪಿಗೆ ಫುಟ್‌ವಾಲ್ವ್ ಉಂಟಲ್ವಾ? ಅದು ಸೋರಿದರೆ ಪೈಪಿನ ನೀರೆಲ್ಲ ಬಾವಿಗೆ ಇಳಿದು, ಬೆಳಗ್ಗೆ ಸ್ವಿಚ್ ಹಾಕಿದರೆ ಪಂಪ್ ಬರೇ ಗಾಳಿ ಎಳೆಯುತ್ತದೆ. ಫಿಲ್ಟರಿನ ಬಾಯಿಯ ಒಳಗೆ ಅಂಥದ್ದೇ ಕೆಲಸಕ್ಕೆ ಒಂದು ರಬ್ಬರ್ ಬಿಲ್ಲೆ ಇದೆ. ಆಂಟಿ ಡ್ರೇನ್‌ಬ್ಯಾಕ್ ವಾಲ್ವ್ ಅನ್ನುತ್ತಾರೆ. ಅದು ಸರಿಯಾಗಿ ಮುಚ್ಚದಿದ್ದರೆ ನಿಂತ ಕಾರಿನ ಫಿಲ್ಟರ್ ಖಾಲಿಯಾಗುತ್ತದೆ. ಮತ್ತೆ ಪಂಪ್ ಮೊದಲು ಫಿಲ್ಟರ್ ತುಂಬಿಸಬೇಕು. ಆಮೇಲೆ ಬೇರಿಂಗ್‌ನ ಸರದಿ.

ದಪ್ಪ ಆಯಿಲ್ ಇದಕ್ಕೆ ಮದ್ದಲ್ಲ. ಜೀಪಿನವರೇ, ನಿಮ್ಮ ಹಳೇ ಇಂಜಿನ್‌ಗೆ ಕಂಪೆನಿಯೇ ಆ ಗ್ರೇಡ್ ಹೇಳಿದ್ದರೆ ಅದು ಸರಿಯೇ. ಇವರ ಇಂಜಿನ್ ಬೇರೆ. ಡಬ್ಲ್ಯೂಗಿಂತ ಮೊದಲು ಬರುವ ಅಂಕಿ ಚಳಿಯ ಪರೀಕ್ಷೆಯದ್ದು ಎಂಬುದೂ ನಿಜ. 5ಡಬ್ಲ್ಯೂ ಆಯಿಲ್ ಪಂಪಿಗೆ ಏರುತ್ತದಾ ಅಂತ ಮೈನಸ್ 35 ಡಿಗ್ರಿಯಲ್ಲಿ ನೋಡುತ್ತಾರೆ, 20ಡಬ್ಲ್ಯೂ ಆದರೆ ಮೈನಸ್ 20ರಲ್ಲಿ. ಕಾಸರಗೋಡಿನಲ್ಲಿ ಅಂಥ ಚಳಿ ಎಲ್ಲಿಂದ? ಆದರೆ ನಮ್ಮ ಬೆಳಗಿನ ಹವೆಯಲ್ಲೂ 20ಡಬ್ಲ್ಯೂ-50 ಅನ್ನುವುದು 5ಡಬ್ಲ್ಯೂ-30ಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ದಪ್ಪ. ಖಾಲಿ ದಾರಿ ತುಂಬಲು ಹೆಚ್ಚು ಹೊತ್ತು ಬೇಕು. ಗೇಜ್‌ನಲ್ಲಿ ಪ್ರೆಶರ್ ಜಾಸ್ತಿ ತೋರಿಸಬಹುದು. ಅದು ಆಯಿಲ್ ಹರಿಯಲು ಕಷ್ಟಪಡುವುದರ ಗುರುತೂ ಆಗಿರುತ್ತದೆ. ಬೇರಿಂಗ್‌ಗೆ ಬೇಕಾದದ್ದು ಆಯಿಲ್ ಬೇಗ ಬಂದು ತಲುಪುವುದು. ಮ್ಯಾನುಯಲ್ ಹೇಳಿದ ಗ್ರೇಡನ್ನೇ ಹಾಕಿ.

ಅಕ್ಯುಮುಲೇಟರ್ ಒಳ್ಳೆಯ ಸಾಮಾನು, ಹೆಸರಿಡುವಂತಿಲ್ಲ. ಸಿಲಿಂಡರ್ ಒಳಗೆ ಪಿಸ್ಟನ್, ಒಂದು ಬದಿ ಗಾಳಿ, ಇನ್ನೊಂದು ಬದಿ ಆಯಿಲ್. ಇಂಜಿನ್ ಓಡುವಾಗ ಪ್ರೆಶರ್ ತುಂಬಿಸಿಟ್ಟು, ಮುಂದಿನ ಸಲ ಸ್ಟಾರ್ಟ್ ಮಾಡುವ ಮೊದಲು ವಾಲ್ವ್ ತೆರೆದು ಬಿಡುವುದು. ರೇಸ್ ಕಾರಿನವರಿಗೆ ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಸರಿದಾಗಲೂ ಅದು ಬೇಕು. ಅಪ್ಪ ಓಡಿಸುವ ಕಾರಿಗೆ ಬೇಡ. ಹೊಸ ಹೋಸು, ಹೊಸ ಜಾಯಿಂಟ್ ಎಲ್ಲ ಸೋರುವ ಜಾಗಗಳು. ಒಂದು ಹೋಸು ಬಿಟ್ಟುಕೊಂಡರೆ ಇಂಜಿನ್ ಆಯಿಲ್ ಪೂರ್ತಿ ರಸ್ತೆಗೆ.

ಖರ್ಚಿಲ್ಲದ ದಾರಿ ಒಂದಿದೆ. ಫ್ಯುಯೆಲ್ ಇಂಜೆಕ್ಷನ್ ಇರುವ ಎಷ್ಟೋ ಪೆಟ್ರೋಲ್ ಕಾರುಗಳಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿಕೊಂಡೇ ಕೀ ತಿರುಗಿಸಿದರೆ ಪೆಟ್ರೋಲ್ ಬರುವುದಿಲ್ಲ. ಸ್ಟಾರ್ಟರ್ ಇಂಜಿನ್ನನ್ನು ಮೆಲ್ಲ ತಿರುಗಿಸುತ್ತದೆ, ಪಂಪೂ ತಿರುಗುತ್ತದೆ, ಉರಿಯುವ ಒತ್ತಡ ಮಾತ್ರ ಇಲ್ಲ. ಲೈಟ್ ಆರಿದ ಮೇಲೆ ಕಾಲು ತೆಗೆದು ಮಾಮೂಲಿನಂತೆ ಸ್ಟಾರ್ಟ್ ಮಾಡಿ. ಒಂದು ಸಲಕ್ಕೆ 10 ಸೆಕೆಂಡ್ ಮೀರಬೇಡಿ, ಸ್ಟಾರ್ಟರ್ ಮೋಟರ್ ಬಿಸಿಯಾಗುತ್ತದೆ. ನಿಮ್ಮ ಕಾರಿನಲ್ಲಿ ಈ ವ್ಯವಸ್ಥೆ ಉಂಟಾ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಇಲ್ಲದ ಕಾರಿನಲ್ಲಿ ಮಾಡಿದರೆ ಸ್ಟಾರ್ಟ್ ಆಗಿ ಒಮ್ಮೆಲೇ ರೇಸ್ ಆಗುತ್ತದೆ. ಅದು ಎಲ್ಲಕ್ಕಿಂತ ಕೆಟ್ಟದ್ದು. ಈ ಕೆಲಸ ಕೂಡ ತಿಂಗಳುಗಟ್ಟಲೆ ನಿಂತಾಗ ಮಾತ್ರ, ದಿನಾ ಅಲ್ಲ.

ದಿನಾ ಎರಡು ನಿಮಿಷ ಸ್ಟಾರ್ಟ್ ಮಾಡಿಡುವುದನ್ನು ದಯವಿಟ್ಟು ಶುರು ಮಾಡಬೇಡಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹುಟ್ಟುತ್ತದೆ. ಬಿಸಿ ಇಂಜಿನ್‌ನಲ್ಲಿ ಅದು ಹಬೆಯಾಗಿ ಹೊರಗೆ ಹೋಗುತ್ತದೆ. ತಣ್ಣಗಿನ ಇಂಜಿನ್‌ನಲ್ಲಿ ಸ್ವಲ್ಪ ನೀರು, ಸ್ವಲ್ಪ ಪೆಟ್ರೋಲ್ ಪಿಸ್ಟನ್ ರಿಂಗ್ ದಾಟಿ ಆಯಿಲ್‌ಗೆ ಸೇರುತ್ತದೆ. ಎರಡು ನಿಮಿಷದಲ್ಲಿ ಆಯಿಲ್ ಬಿಸಿಯಾಗುವುದಿಲ್ಲ, ಆ ನೀರು ಅಲ್ಲೇ ಉಳಿಯುತ್ತದೆ. ನಮ್ಮ ಮಳೆಗಾಲದ ತೇವ ಬೇರೆ. ಅದಕ್ಕಿಂತ ಅಪ್ಪ ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಬದಿಯಡ್ಕಕ್ಕೆ ಹೋಗಿ ಬರಲಿ. ಆಗದಿದ್ದರೆ ಬ್ಯಾಟರಿ ತಂತಿ ಬಿಚ್ಚಿ ಕಾರನ್ನು ಅದರ ಪಾಡಿಗೆ ಬಿಡಲಿ.

ನಿಮ್ಮ ಏರಿನ ವಿಷಯ ಒಳ್ಳೆಯದಾಯಿತು ಹೇಳಿದ್ದು. ಸ್ಟಾರ್ಟ್ ಮಾಡಿ, ಲೈಟ್ ಆರಿದ ಮೇಲೂ ಅರ್ಧ ನಿಮಿಷ ಹಾಗೇ ಬಿಡಿ. ಹತ್ತುವಾಗ ಆಕ್ಸಿಲರೇಟರ್ ತುಳಿದು ಹಾರಿಸುವುದೂ ಬೇಡ, ಇಂಜಿನ್ ಗುಂಯ್‌ಗುಟ್ಟಿ ನಡುಗುವಷ್ಟು ನಿಧಾನವೂ ಬೇಡ. ಸ್ಪೀಡ್ ಕಡಿಮೆಯಾಗಿ ಭಾರ ಜಾಸ್ತಿಯಾದರೆ ಬೇರಿಂಗ್‌ನ ಆಯಿಲ್ ಪದರ ತೆಳ್ಳಗಾಗುತ್ತದೆ. ಮೇಲೆ ರಸ್ತೆ ಬದಿ ನಿಮ್ಮದೇ ಜಾಗ ಇದ್ದರೆ ಒಂದು ಶೀಟಿನ ಶೆಡ್ ಹಾಕಿಸಿ, ಕಾರು ಅಲ್ಲೇ ನಿಲ್ಲಲಿ.

ನೀರ್ಚಾಲು ಗ್ಯಾರೇಜ್:

ಕುಂಬಳೆಯವರು ಹೇಳಿದ್ದು ಸರಿ. ಫಿಲ್ಟರ್ ಬಗ್ಗೆ ನನ್ನದೊಂದು ಮಾತು.

ಕಾರು ರಾತ್ರಿ ಇಡೀ ನಿಲ್ಲಲಿ. ಬೆಳಗ್ಗೆ ಸ್ಟಾರ್ಟ್ ಮಾಡದೆ ಫಿಲ್ಟರ್ ಬಿಚ್ಚಿ. ಅಡ್ಡಕ್ಕೆ ಅಥವಾ ಓರೆಯಾಗಿ ಕೂತ ಫಿಲ್ಟರ್ ಆದರೆ, ವಾಲ್ವ್ ಸರಿ ಇದ್ದಾಗ ಬಿಚ್ಚುವಾಗಲೇ ಕೈಗೆಲ್ಲ ಆಯಿಲ್ ಸುರಿಯುತ್ತದೆ. ಹಗುರವಾಗಿ, ಖಾಲಿ ಡಬ್ಬಿ ಹಾಗೆ ಬಂದರೆ ವಾಲ್ವ್ ಹೋಗಿದೆ. ಬಾಯಿ ಮೇಲೆ ಮಾಡಿ ಕೂತ ಫಿಲ್ಟರ್‌ನಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ, ಅದರಲ್ಲಿ ಆಯಿಲ್ ಹೇಗೂ ನಿಲ್ಲುತ್ತದೆ.

ಮೊನ್ನೆ ಒಂದು ಹಳೇ ಫಿಲ್ಟರ್ ಕತ್ತರಿಸಿ ನೋಡಿದೆ. ಸುತ್ತಲಿನ ಸಣ್ಣ ತೂತುಗಳನ್ನು ಮುಚ್ಚುವ ಕಪ್ಪು ರಬ್ಬರ್ ಬಿಲ್ಲೆ ಗಟ್ಟಿಯಾಗಿ ಹೋಗಿತ್ತು. ಉಗುರಿನಿಂದ ಒತ್ತಿದರೆ ತಗ್ಗಲಿಲ್ಲ, ಬಗ್ಗಿಸಿದರೆ ಅಂಚಿನಲ್ಲಿ ಬಿರುಕು. ಅಂಚು ಒಂದು ಕಡೆ ಮೇಲೆದ್ದು ನಿಂತಿತ್ತು, ಬ್ಲೇಡು ತೂರುವಷ್ಟು. ಮಾಮೂಲಿ ಕಪ್ಪು ರಬ್ಬರ್ ಬಿಸಿಗೆ ಹೀಗಾಗುತ್ತದೆ. ಸಿಲಿಕೋನ್ ಬಿಲ್ಲೆ ತುಂಬಾ ದಿನ ಮೆತ್ತಗೆ ಇರುತ್ತದೆ. ಆ ಬಿಲ್ಲೆಗಳು ಸಾಮಾನ್ಯವಾಗಿ ಕೆಂಪು, ಕಿತ್ತಳೆ ಬಣ್ಣದವು, ಹೊಸ ಫಿಲ್ಟರಿನ ತೂತಿನೊಳಗೆ ಇಣುಕಿದರೆ ಕಾಣುತ್ತದೆ. ಕಿಲೋಮೀಟರ್ ಆಗದಿದ್ದರೂ ವರ್ಷಕ್ಕೊಮ್ಮೆ ಆಯಿಲ್, ಫಿಲ್ಟರ್ ಎರಡೂ ಬದಲಿಸಿ. ನಿಂತ ಕಾರು ಅಂತ ಬಿಡಬೇಡಿ.

ಪೆರ್ಲದವನು:

ಇಬ್ಬರಿಗೂ ತುಂಬಾ ಥ್ಯಾಂಕ್ಸ್ ಅಣ್ಣ. ಹೇಳಿದ ಹಾಗೇ ಬೆಳಗ್ಗೆ ಬಿಚ್ಚಿಸಿದೆ. ನಮ್ಮದು ಓರೆ ಕೂತ ಫಿಲ್ಟರ್. ಬಿಚ್ಚುವಾಗ ನಾಲ್ಕು ಹನಿ ಬಿದ್ದರೆ ಹೆಚ್ಚು. ಹೊಸ ಫಿಲ್ಟರ್, 5ಡಬ್ಲ್ಯೂ-30 ಆಯಿಲ್ ಹಾಕಿಸಿ, ಕಾರನ್ನು ಮುಟ್ಟದೆ ಕೆಲವು ದಿನ ಬಿಟ್ಟು ಸ್ಟಾರ್ಟ್ ಮಾಡಿದೆ. ಕೀ ಬಿಡುವಷ್ಟರಲ್ಲಿ ಲೈಟ್ ಆರಿತು. ಟರ್ ಸದ್ದು ಅರೆಕ್ಷಣ ಬಂದು ಹೋಯಿತು. ಇನ್ನು ಧೈರ್ಯವಾಗಿ ಇರಬಹುದಾ?

ನೀರ್ಚಾಲು ಗ್ಯಾರೇಜ್:

ಒಂದು ಕೆಲಸ ಬಾಕಿ ಉಂಟು. ಆ ಲೈಟಿನ ಸ್ವಿಚ್ ತುಂಬಾ ಕಡಿಮೆ ಪ್ರೆಶರ್‌ಗೇ ಆರುತ್ತದೆ, ಹೆಚ್ಚಿನ ಕಾರುಗಳಲ್ಲಿ ಅರ್ಧ ಬಾರ್‌ನ ಒಳಗೆ. ಲೈಟ್ ಆರಿದ ಮಾತ್ರಕ್ಕೆ ಪ್ರೆಶರ್ ಪೂರ್ತಿ ಇದೆ ಅಂತ ಅಲ್ಲ. ನೀವು ಶಾರ್ಜಾಕ್ಕೆ ಹೊರಡುವ ಮೊದಲು ಸ್ವಿಚ್ ಬಿಚ್ಚಿ, ಆ ಜಾಗಕ್ಕೆ ಗೇಜ್ ಹಾಕಿಸಿ ನೋಡಿ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ) ಒಮ್ಮೆ, ಮ್ಯಾನುಯಲ್ ಹೇಳುವ ಸ್ಪೀಡಿನಲ್ಲಿ ಇನ್ನೊಮ್ಮೆ. ಕಡಿಮೆ ಬಂದರೆ ಸಂಪ್ ಇಳಿಸಿ ಪಂಪಿನ ಜಾಲರಿ, ಅದರ ಓ ರಿಂಗ್ (ಸೋರದಂತೆ ಹಾಕುವ ರಬ್ಬರ್ ಬಳೆ) ನೋಡಬೇಕಾಗುತ್ತದೆ. ಅಪ್ಪನಿಗೆ ಒಂದು ಮಾತು ಹೇಳಿಡಿ. ದಾರಿಯಲ್ಲಿ ಆ ಕೆಂಪು ಲೈಟ್ ಮಿಣುಕಿದರೂ ಸರಿ, ಮನೆವರೆಗೆ ಓಡಿಸುವುದು ಬೇಡ, ಅಲ್ಲೇ ಬದಿಗೆ ಹಾಕಿ ಆಫ್ ಮಾಡಲಿ. ಗೇಜ್ ರೀಡಿಂಗ್ ಎರಡನ್ನೂ ಇಲ್ಲಿ ಹಾಕಿ, ನೋಡುತ್ತೇನೆ.